ಪಣಕಹಳ್ಳಿಯ ಕೆಳಗಿನ ಮುಕ್ಕಾಲು ಎಕರೆ

ಶೈಲಶ್ರೀ ವಿಚ್ಛೇದನಕ್ಕೆ ಅರ್ಜಿ ಹಾಕಿದಾಗ ಅವಳ ಮಗಳು ಬಿಂದುಶ್ರೀಗೆ ಎಂಟು ವರ್ಷ. ಗಂಡ ಉಮಾಶಂಕರ್ ಪಣಕಹಳ್ಳಿಯಿಂದ ಮೆಟ್ಟುಪಾಳ್ಯಕ್ಕೆ ಪಿಕಪ್ಪಿನಲ್ಲಿ ಕೋಸು, ಬೀಟ್‌ರೂಟ್ ಸಾಗಿಸುತ್ತಿದ್ದ. ವಾರಕ್ಕೆ ಎರಡು ದಿನ ಅಲ್ಲಿ ಉಳಿಯುತ್ತಿದ್ದವನು ನಾಲ್ಕು ದಿನ ಉಳಿಯತೊಡಗಿದ. ಅಲ್ಲಿ ಅವನಿಗೆ ಇನ್ನೊಂದು ಸಂಸಾರವಿದೆ ಎಂಬುದು ಊರಿಗೆಲ್ಲ ತಿಳಿದ ಮೇಲೆ ಇವಳಿಗೆ ತಿಳಿಯಿತು. ಕೇಳಿದಳು. ಅವನು ಇಲ್ಲ ಅನ್ನಲಿಲ್ಲ. ಮರುದಿನವೇ ಮಗಳನ್ನು ಕರೆದುಕೊಂಡು ತಿಗನಾರೆಯ ತನ್ನ ಅಣ್ಣ ಸ್ವಾಮಿಯ ಮನೆಗೆ ಬಂದುಬಿಟ್ಟಳು.

ಮಗು ಅಲ್ಲಿಗೆ ಒಗ್ಗಲಿಲ್ಲ. ಹುಟ್ಟಿದಾಗಿನಿಂದ ಅಪ್ಪನ ತಾಯಿ, ಅಜ್ಜಿ ಶಿವಮಲ್ಲಮ್ಮನ ಮಗ್ಗುಲಲ್ಲಿ ಮಲಗಿದ ಹುಡುಗಿ. ಅಮ್ಮ ಹತ್ತಿರ ಎಳೆದುಕೊಂಡರೆ ಗೋಡೆಯ ಕಡೆ ತಿರುಗುತ್ತಿದ್ದಳು. ಊಟದ ತಟ್ಟೆ ಹಾಗೇ ಉಳಿಯುತ್ತಿತ್ತು. ಪರೀಕ್ಷೆ ಮುಗಿಯುವವರೆಗೆ ಇರಲಿ ಎಂದು ಶೈಲಶ್ರೀ ಅವಳನ್ನು ಪಣಕಹಳ್ಳಿಯಲ್ಲಿ ಅಜ್ಜಿಯ ಬಳಿ ಬಿಟ್ಟುಬಂದಳು. ಪರೀಕ್ಷೆ ಮುಗಿಯಿತು, ಮಗು ಬರಲಿಲ್ಲ.

ಊರು ತಮಿಳುನಾಡಿಗೆ ಸೇರಿದ್ದರಿಂದ ಕೇಸು ಸತ್ಯಮಂಗಲದಲ್ಲಿ ಎರಡು ವರ್ಷ ನಡೆಯಿತು. ವಾಯಿದೆಯ ದಿನ ಬೆಳಗಿನ ಬಸ್ಸಿಗೆ ಹೊರಟು, ಹಾಸನೂರು ದಾಟಿ, ದಿಂಬಂ ತಿರುವುಗಳನ್ನು ಇಳಿದು ಹೋಗಬೇಕು. ಕಾಗದಗಳೆಲ್ಲ ತಮಿಳಿನಲ್ಲಿ. ಮಾತು ಬರುತ್ತಿತ್ತು, ಓದು ಬರುತ್ತಿರಲಿಲ್ಲ. ವಕೀಲಮ್ಮ ತೋರಿಸಿದ ಕಡೆ ಕನ್ನಡದಲ್ಲಿ ಸಹಿ ಹಾಕುತ್ತಿದ್ದಳು.

ಒಂದು ವಾಯಿದೆ ಮುಗಿದಾಗ ಉಮಾಶಂಕರ್ ಅಲ್ಲಿಂದಲೇ ಮೆಟ್ಟುಪಾಳ್ಯಕ್ಕೆ ಹೋದ. ಸಂಜೆಯ ಬಸ್ಸಿನಲ್ಲಿ ಅತ್ತೆ, ಮಗಳು, ಶೈಲಶ್ರೀ ಮೂವರೂ ಬೆಟ್ಟ ಹತ್ತಬೇಕಾಯಿತು. ಎರಡು ಸೀಟು ಹಿಂದೆ ಕಂಬಿ ಹಿಡಿದು ನಿಂತಿದ್ದವಳನ್ನು ಶಿವಮಲ್ಲಮ್ಮ ತಿರುಗಿ ನೋಡಿದರು.

"ಬಾರವ್ವ, ಇಲ್ಲಿ ಕುಂತ್ಕ. ಮಗು ನಿದ್ದ ಮಾಡ್ತಾ ಅದ, ಕಾಲ್ನ ನಿನ್ ತೊಡ ಮ್ಯಾಲ ಆಕ್ಕ."

ಶೈಲಶ್ರೀ ಕೂತಳು. ತಲೆ ಅಜ್ಜಿಯ ಮಡಿಲಲ್ಲಿ, ಕಾಲು ಅಮ್ಮನ ಮಡಿಲಲ್ಲಿ. ಪಣಕಹಳ್ಳಿ ಬಂತು. ಅಜ್ಜಿ, ಮೊಮ್ಮಗಳು ಇಳಿದ ಮೇಲೆ ಸೀಟಿನಲ್ಲಿ ಇವಳೊಬ್ಬಳೇ ಉಳಿದಳು.

ಕೊನೆಗೆ ಜಡ್ಜು ಮಗುವನ್ನು ತಮ್ಮ ಕೋಣೆಗೆ ಕರೆಸಿ, ಯಾರ ಜೊತೆ ಇರುತ್ತೀಯ ಎಂದು ಕೇಳಿದರು. ಬಿಂದುಶ್ರೀ ಅಪ್ಪನ ಹೆಸರನ್ನೂ ಹೇಳಲಿಲ್ಲ, ಅಮ್ಮನ ಹೆಸರನ್ನೂ ಹೇಳಲಿಲ್ಲ. "ಅಜ್ಜಿ ಕುಟ" ಅಂದಳಂತೆ. ಹೊರಗೆ ಬಂದ ವಕೀಲಮ್ಮ, ತಾಯಿ ಪಟ್ಟು ಹಿಡಿದರೆ ಮಗು ತಾಯಿಗೇ ಸಿಗಬಹುದು ಅಂದರು.

ಶೈಲಶ್ರೀ ಬೆಂಚಿನಿಂದ ಎದ್ದಳು. ಆಮೇಲೆ ಹೇಳಿದಳು: "ಅವ್ಳು ಅಲ್ಲೇ ಇರ್ಲಿ. ಶನಿವಾರ, ಭಾನುವಾರ ನನ್ ಕುಟ ಇದ್ರ ಸಾಕು."

ಜೊತೆಗೆ ಬಂದಿದ್ದ ಸ್ವಾಮಿಗೆ ಸಿಟ್ಟು ನೆತ್ತಿಗೇರಿತು. "ಗೆಲ್ಲ ಕೇಸ್ನ ಬುಟ್ಕೊಟ್ಯಲ್ಲಮ್ಮಿ! ಎತ್ತವ್ಳು ನೀನು!"

"ಅವ್ಳು ಉಣ್ದೆ ಮನಗಿದ್ನ ನೀನೂ ನೋಡಿದ್ದಿ ಕಣಣ್ಣ" ಅಂದಳು.

ಆಸ್ತಿಯ ಮಾತಿನಲ್ಲಿ ಮಾತ್ರ ಅವಳು ಜಗ್ಗಲಿಲ್ಲ. ಮದುವೆಯಾದ ಮೇಲೆ ಇಬ್ಬರ ಹೆಸರಿನಲ್ಲಿ ಕೊಂಡ ಒಂದೂವರೆ ಎಕರೆ ಪಣಕಹಳ್ಳಿಯಲ್ಲಿತ್ತು. ಬೆಲೆ ಕಟ್ಟಿ ಕೊಡುತ್ತೇನೆ, ಹೊಲ ಬಿಡು ಎಂದು ಉಮಾಶಂಕರ್ ಹೇಳಿಕಳಿಸಿದ. ಅವಳು ಹೊಲದಲ್ಲೇ ನನ್ನ ಪಾಲು ಬೇಕು ಅಂದಳು. ಸರ್ವೇಯರ್ ಬಂದು ಅಳೆದು ನಡುವೆ ಕಲ್ಲು ನೆಡಿಸಿದ. ಬಾವಿಯಿದ್ದ ಮೇಲಿನ ಅರ್ಧ ಅವನಿಗೆ, ಮಳೆ ನಂಬಿದ ಕೆಳಗಿನ ಅರ್ಧ ಇವಳಿಗೆ. ಪಟ್ಟಾ ಅವಳೊಬ್ಬಳ ಹೆಸರಿಗೆ ಬಂತು.

ಬಿಟ್ಟ ಗಂಡನ ಊರಿಗೇ ಬಂದು ಸಂಸಾರ ಹೂಡಿದವರು ಪಣಕಹಳ್ಳಿಯಲ್ಲಿ ಅದುವರೆಗೆ ಯಾರೂ ಇರಲಿಲ್ಲ. ಶೈಲಶ್ರೀ ಹಿಂದಿನ ಬೀದಿಯಲ್ಲಿ ಒಂದೇ ಕೋಣೆಯ ಮನೆ ಹಿಡಿದಳು. ನಲ್ಲಿಯ ಹತ್ತಿರ ಅವಳ ಕೊಡ ಕಂಡರೆ ಹೆಂಗಸರ ಮಾತು ನಿಲ್ಲುತ್ತಿತ್ತು. ಮದುವೆ, ನಾಮಕರಣಕ್ಕೆ ಕರೆಯುವವರು ಅವಳ ಬಾಗಿಲು ಬಿಟ್ಟು ಮುಂದೆ ಹೋಗುತ್ತಿದ್ದರು. ರಾಗಿ ಬಿತ್ತಿದಳು, ಒಂದು ವರ್ಷ ಜೋಳ ಹಾಕಿ ಅರ್ಧವನ್ನು ಹಂದಿಗಳಿಗೆ ಕಳೆದುಕೊಂಡಳು. ವಾರದ ಐದು ದಿನ ಒಂದೇ ಮುದ್ದೆ ತೊಳಸುತ್ತಿದ್ದಳು. ಕೆಲವು ದಿನ ಸಂಜೆಯಾಗುವ ಹೊತ್ತಿಗೆ, ಬೆಳಗಿನಿಂದ ತಾನು ಬಾಯೇ ಬಿಟ್ಟಿಲ್ಲ ಎನ್ನುವುದು ನೆನಪಾಗುತ್ತಿತ್ತು. ಮಗಳು ಶಾಲೆಗೆ ಹೋಗುವುದು ಹೊಲದಿಂದ ಕಾಣುತ್ತಿತ್ತು. ಗೆಳತಿಯರು ಜೊತೆಗಿದ್ದರೆ ಬಿಂದುಶ್ರೀ ಈ ಕಡೆ ನೋಡುತ್ತಿರಲಿಲ್ಲ. ಶೈಲಶ್ರೀಯೂ ಕೂಗುತ್ತಿರಲಿಲ್ಲ.

ಈಗ ಹುಡುಗಿ ಏಳನೇ ಕ್ಲಾಸು. ಶನಿವಾರ ಸ್ಪೆಷಲ್ ಕ್ಲಾಸು ಎಂದು ಭಾನುವಾರ ಮಾತ್ರ ಬರುತ್ತಾಳೆ.

ಹೋದ ತಿಂಗಳು ಶಿವಮಲ್ಲಮ್ಮ ಕೋಲೂರಿಕೊಂಡು ಮೊದಲ ಸಲ ಕೆಳಗಿನ ಹೊಲಕ್ಕೆ ಬಂದರು. ಬದುವಿನ ಮೇಲೆ ಕೂತು ಸುಧಾರಿಸಿಕೊಂಡರು.

"ನಾನಿನ್ನೆಷ್ಟ್ ದಿನ ಕಣವ್ವ. ಅವ್ಳ್ಗ ನಿನ್ ಮನೇಲಿ ಒಂದ್ ಮಂಚ ಆಕ್ಸು."

"ಅವ್ಳೇ ಕೇಳ್ಲಿ ಅತ್ತೆ, ಆಕ್ಸ್ತೀನಿ."

"ಕೇಳ್ದೆ ಓದ್ರ?"

ಶೈಲಶ್ರೀ ರಾಗಿ ಸಾಲಿನ ಕಳೆಗೆ ಬಗ್ಗಿದಳು. ಮುದುಕಿ ಕೈಗೆಟಕಿದಷ್ಟು ಕಳೆ ಕಿತ್ತು ಪಕ್ಕಕ್ಕೆ ಗುಡ್ಡೆ ಹಾಕಿದರು. ಬಿಸಿಲೇರಿದಾಗ ಎದ್ದು ಹೊರಟರು. ಅವರು ದಾರಿ ಸೇರುವವರೆಗೆ ನೋಡಿ, ಶೈಲಶ್ರೀ ಮತ್ತೆ ಬಗ್ಗಿದಳು. ಕಳೆ ಕೀಳಲು ಇನ್ನೂ ಆರು ಸಾಲು ರಾಗಿ ಉಳಿದಿತ್ತು.