ಜೋಡಿ ಸೀಟಿನ ಕೂಸಿನ ಗಾಡಿ

ಅವಳಿ ಕೂಸು ಎರಡೂ ಹೊತ್ತು ಹೊತ್ತು ನಮ್ಮ ಸೊಸೀದು ನಡ ಹಿಡಕೊಂಡಿತ್ತು. ಅದಕ್ಕ ಕೂಸಿನ ಗಾಡಿ ತರಾಕ ಬ್ಯಾಡಗಿಯಿಂದ ರಾಣೇಬೆನ್ನೂರಿಗೆ ನಾನ ಹೋದೆ. ಅಂಗಡ್ಯಾಂವ ಒಂದರ ಹಿಂದ ಒಂದು ಸೀಟಿದ್ದ ಗಾಡಿ ತೋರಿಸಿದ. ನನಗ ಸಿಟ್ಟು ನೆತ್ತಿಗೇರಿತು.

"ಲೇ ತಮ್ಮಾ, ನಲವತ್ತು ವರ್ಷ ಎತ್ತು ಕಟ್ಟೇನಿ. ಜೋಡೆತ್ತು ಯಾರರ ಹಿಂದಮುಂದ ಕಟ್ತಾರೇನು?"

"ಅಜ್ಜಾರ, ಬಾಜೂಬಾಜೂ ಸೀಟಿಂದು ಭಾಳ ಅಗಲ್ರಿ. ಮನಿ ಬಾಗಿಲಾ ಅಳತಿ ತಂದೀರೇನ್ರಿ?"

"ನನ್ನ ಮನಿ ಬಾಗಿಲಾ ನನಗ ಹೇಳ್ತಿಯೇನು? ಸುಮ್ಮ ಅದನ್ನ ಕೊಡು!"

ತಂದೆ. ಬಾಗಿಲದಾಗ ಸಿಕ್ಕೊಂತು.

ಸೊಸಿ, "ಮಾವಾರ, ದನದ ಕೊಟ್ಟಿಗಿ ಬಾಗಿಲಾ ಅಗಲ ಐತ್ರಿ," ಅಂದ್ಲು. ಗಾಡಿ ಈಗ ಎತ್ತಿನ ಬಾಜೂಕ ನಿಂತೈತಿ. ಆಕಿ ಎರಡೂ ಕೂಸು ಹೊತ್ಕೊಂಡು ಅಲ್ಲೀತನಾ ಹೋಗಿ ಕುಂಡ್ರಸ್ತಾಳ.

ನಮ್ಮ ಮನಿ ಬಾಗಿಲಾ ಕೂಡಿಸಿದ ಗೌಂಡಿ ಒಮ್ಮೆ ಕೈಗೆ ಸಿಗಲಿ, ಬಿಡಾಂಗಿಲ್ಲ.