ನಾಯಿಮರಿಗೆ ನಾಲ್ಕು ಮಳೆ

ನಮ್ಮಪ್ಪನಿಗೆ ಕಾಲದ ಲೆಕ್ಕವೆಂದರೆ ಮಳೆಯ ಲೆಕ್ಕ. ಹದಿನಾಲ್ಕು ದಿನಕ್ಕೊಂದರಂತೆ ಆರಿದ್ರಾ, ಪುನರ್ವಸು, ಪುಷ್ಯ ಎಂದು ಮಳೆನಕ್ಷತ್ರಗಳು ಬದಲಾಗುತ್ತವೆ. ಕಡಲೆಕಾಯಿ ಬಿತ್ತಿದ್ದರಿಂದ ಹಿಡಿದು ನಾನು ಹುಟ್ಟಿದ್ದರವರೆಗೆ ಎಲ್ಲವೂ ಅವರಿಗೆ ಯಾವುದೋ ಒಂದು ಮಳೆಯಲ್ಲಿ ನಡೆದದ್ದು. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. ಆದರೂ ಮನೆಯಲ್ಲಿ ಲೆಕ್ಕ ಅಪ್ಪನದೇ.

ಆರಿದ್ರಾ ಮಳೆ ಶುರುವಾದ ದಿನವೇ ಹುಲಿಕುಂಟೆ ಬಳಿಯ ನಮ್ಮ ಕುರಿ ಕೂಡುವ ರೊಪ್ಪದಲ್ಲಿ ಬೀದಿನಾಯಿಯೊಂದು ಎರಡು ಮರಿ ಹಾಕಿತು. ಕಂದು ಮರಿಯನ್ನು ನಾವು ಇಟ್ಟುಕೊಂಡೆವು. ಕರಿಮರಿಯನ್ನು ಅಪ್ಪ ಪಕ್ಕದ ಮನೆಯಲ್ಲಿ ಒಬ್ಬಳೇ ಇರುವ, ನಾನು ಅಕ್ಕ ಎಂದು ಕರೆಯುವ ಹೆಂಗಸಿಗೆ ಕೊಟ್ಟರು. ಕುರಿಗೆ ಔಷಧಿ ತರಲು ಶಿರಾ ಆಸ್ಪತ್ರೆಗೆ ಹೋಗಿದ್ದಾಗ ಡಾಕ್ಟರು, "ಮರಿಗೆ ಎರಡು ತಿಂಗಳು ತುಂಬಿದ ತಕ್ಷಣ ಲಸಿಕೆ ಹಾಕ್ಸಿ, ತಡ ಮಾಡ್ಬೇಡಿ" ಎಂದರು. ಎರಡು ತಿಂಗಳೆಂದರೆ ನಾಲ್ಕು ಮಳೆ ಎಂದು ಅಪ್ಪ ಬೇಲಿಯಾಚೆಗೂ ತಿಳಿಸಿದರು. ಅಕ್ಕ ಅವರ ಮಾತಿನ ಮೇಲೆ ಕಾದಳು.

ಲಸಿಕೆಗೆ ಹೊತ್ತಾಯಿತೇ ಎಂದು ನಾನು ನಡುವೆ ಒಮ್ಮೆ ಅಪ್ಪನನ್ನು ಕೇಳಿದೆ.

"ಈಗಿನ್ನೂ ಮೂರ್ನೇ ಮಳೆ ಕಣಮ್ಮ. ಇನ್ನೊಂದಾಗ್ಲಿ."

ಅಷ್ಟರಲ್ಲಿ ಮರಿ ನನ್ನ ಎರಡು ಜೊತೆ ಚಪ್ಪಲಿ ಮುಗಿಸಿತ್ತು. ವಯಸ್ಸಿಗೆ ಮೀರಿದ ಬೆಳವಣಿಗೆ, ಒಳ್ಳೆಯ ಜಾತಿಯದಿರಬೇಕು ಎಂದುಕೊಂಡೆ.

ಅದೇ ವಾರ ಕರಿಮರಿ ರಕ್ತಭೇದಿಯಾಗಿ ಎರಡೇ ದಿನಕ್ಕೆ ಸತ್ತಿತು. ನಾವು ನಮ್ಮದನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಬೈಕಿನಲ್ಲಿ ಶಿರಾಕ್ಕೆ ಓಡಿದೆವು.

"ಎಷ್ಟು ದಿನದ ಮರಿ?" ಎಂದರು ಡಾಕ್ಟರು.

"ಆರಿದ್ರಾದಾಗೆ ಹುಟ್ಟಿದ್ದು. ಈಗ ಮೂರ್ನೇ ಮಳೆ ಸಾರ್."

ಅವರೂ ಹಳ್ಳಿಯವರೇ. ಬೆರಳು ಮಡಿಚುತ್ತಾ ಎಣಿಸಿದರು. "ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ, ಈಗ ಮಘೆ. ಇದು ಐದನೇದು."

"ಪುನರ್ವಸು ಎಲ್ಲಿ ಬಂತು ಸಾರ್? ಒಂದು ಹನಿ ಬೀಳ್ನಿಲ್ಲ. ಆಶ್ಲೇಷನೂ ಅಂಗೇ ಹೋಯ್ತು. ಬರ್ದೇ ಇರೋದ್ನ ಹೆಂಗೆ ಎಣ್ಸೋದು?"

"ಮಳೆ ಬರದಿದ್ರೂ ನಾಯಿ ಬೆಳೆಯುತ್ತಲ್ಲ ಯಜಮಾನ್ರೇ."

ದಿನಾಂಕ ನೋಡಲು ನನ್ನ ಕೈಯಲ್ಲೇ ಮೊಬೈಲ್ ಇತ್ತು. ಎರಡು ತಿಂಗಳಲ್ಲಿ ನಾನೂ ನೋಡಿರಲಿಲ್ಲ. ನಾಚಿಕೆಯಾಯಿತು. ಡಾಕ್ಟರು ಸೂಜಿ ಚುಚ್ಚಿ, ಎರಡೂ ಒಟ್ಟಿಗೆ ಆಡಿವೆ, ರೋಗ ಆಗಲೇ ಅಂಟಿದ್ದರೆ ಇದರಿಂದ ಉಪಯೋಗವಿಲ್ಲ, ಹತ್ತು ದಿನ ನೋಡಿ ಎಂದರು.

ಅಪ್ಪ ಹತ್ತು ದಿನ ಮರಿಯನ್ನೇ ನೋಡಿದರು. ಬೆಳಿಗ್ಗೆ ಎದ್ದವರೇ ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ಮನೆಗೆ ಗೀಟು ಹಾಕುತ್ತಿದ್ದರು, ಮಳೆ ಬಂದಿದ್ದರೂ, ಬರದಿದ್ದರೂ. ಬೇಲಿಯ ಕಡೆ ಮಾತ್ರ ಹೋಗಲಿಲ್ಲ. ಹತ್ತನೆಯ ದಿನವೂ ಮರಿ ಮುದ್ದೆ ತಿಂದು ನನ್ನ ಮೂರನೆಯ ಜೊತೆ ಚಪ್ಪಲಿಗೆ ಬಾಯಿ ಹಾಕಿತು. ಅಷ್ಟು ಖುಷಿಯಿಂದ ನಾನು ಯಾವ ಚಪ್ಪಲಿಯನ್ನೂ ಕಳೆದುಕೊಂಡವಳಲ್ಲ.

ಆವತ್ತು ಸಂಜೆ ಅಪ್ಪ ಬೇಲಿಯ ಹತ್ತಿರ ಹೋಗಿ ನಿಂತರು. ಅಕ್ಕ ಕುರಿಗೆ ಸೊಪ್ಪು ಕಟ್ಟುತ್ತಿದ್ದಳು.

"ಲೆಕ್ಕ ನಂದೇ ತಪ್ಪು ಕಣಮ್ಮ. ಬೀಳ್ದಿದ್ದ ಎರಡು ಮಳೆ ಬುಟ್ಟು ಎಣಿಸ್ಬುಟ್ಟೆ. ನಿನ್ ಮರಿ ಉಳೀತಿತ್ತು."

ಅಕ್ಕ ಸೊಪ್ಪಿನ ಗಂಟು ಬಿಗಿದಳು. ಆಮೇಲೆ ಹೇಳಿದಳು:

"ನಾನೂ ಅಂಗೇ ಎಣಿಸ್ಕಂಡಿದ್ದೆ ಬುಡಣ್ಣ. ನಮ್ ಹೊಲಕ್ಕೂ ಬರ್ನಿಲ್ವಲ್ಲ."