ಅಂಬಿಕಾಳ ಧ್ವನಿ ಇಟ್ಟಿದ್ದ ಡಬ್ಬಿ

ನನ್ನ ತಮ್ಮ ಅಮರನಾಥನಿಗೆ ಬುದ್ಧಿ ಇಲ್ಲ ಅಂತ ನಾನು ಹೇಳುವುದಿಲ್ಲ. ಇದೆ, ಬೇಕಾದಷ್ಟಿದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರಲ್ಲ, ಅಂಥ ಬುದ್ಧಿ ಅದು. ಅವನ ಕತೆ ಹೇಳಲು ಕೂತರೆ ನನಗೆ ಸಿಟ್ಟೂ ಬರುತ್ತದೆ, ಅಳುವೂ ಬರುತ್ತದೆ. ನಾನು ಕಮಲಾಪುರದ ಸೂಗಮ್ಮ ಟೀಚರ್. ನನ್ನ ಬಾಯಿ ಎಂಥದ್ದು ಅಂತ ಬಸ್‌ಸ್ಟ್ಯಾಂಡಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ.

ನಮ್ಮ ಕಡೆ ಮದುವೆ ವಿಡಿಯೋ ಎಂದರೆ ಅಮರನಾಥನೇ. ಒಂದು ಸಲ ಕಮಲಾಪುರದ ಹತ್ತಿರದ ಹಳ್ಳಿಯೊಂದರ ಮದುವೆಗೆ ಕ್ಯಾಮೆರಾ ಹೊತ್ತು ಹೋಗಿದ್ದ. ಸುರಗಿ ಸುತ್ತುವ ಹೊತ್ತು. ನಾಲ್ಕು ಮೂಲೆಗೆ ತಂಬಿಗೆ ಇಟ್ಟು, ದಾರ ಸುತ್ತಿ, ನಡುವೆ ಮದುಮಕ್ಕಳನ್ನು ಕೂಡಿಸಿ ನೀರೆರೆಯುತ್ತಾರಲ್ಲ, ಆಗ ಹೆಂಗಸರ ಗುಂಪಿನಲ್ಲಿ ಒಬ್ಬ ಹುಡುಗಿ ಹಾಡಿದಳಂತೆ. ಇವನ ಕ್ಯಾಮೆರಾ ಅವಳ ಕಡೆ ತಿರುಗಿದ್ದು ಮತ್ತೆ ಈ ಕಡೆ ತಿರುಗಲೇ ಇಲ್ಲ. ಆಮೇಲೆ ಮದುಮಗನ ಅಪ್ಪ ನಮ್ಮ ಮನೆಗೇ ಬಂದು ಜಗಳ ತೆಗೆದ. "ನನ್ನ ಮಗ ಎಲ್ಲಿ ಅದಾನ್ರಿ ಇದರಾಗ? ಬರೇ ಆ ಹುಡುಗಿ ಮಾರಿನೇ ಅದಲ್ರಿ!" ಅಂದ. ಮರುವರ್ಷ ಅದೇ ಹುಡುಗಿ, ಅಂಬಿಕಾ, ನಮ್ಮ ಮನೆಗೆ ಸೊಸೆಯಾಗಿ ಬಂದಳು.

ಅವಳ ದನಿ ಹೇಗಿತ್ತು ಅಂತ ನಾನು ಹೇಗೆ ಬರೆಯಲಿ? ಸ್ವಲ್ಪ ಒಡಕು, ಆದರೆ ಬೆಚ್ಚಗೆ. ಇವನು ಶೂಟಿಂಗಿಗೆ ಹೋದ ಮನೆಗೆಲ್ಲ ಅವಳನ್ನೂ ಕರೆಯುತ್ತಿದ್ದರು. ಅರಿಶಿಣ ಹಚ್ಚುವಾಗ, ಸುರಗಿ ಸುತ್ತುವಾಗ ಅವಳು ಹಾಡುವುದು, ಇವನು ಹಿಡಿಯುವುದು. ಆದರೆ ಈ ಧಂದೆಗೆ ಒಂದು ರಿವಾಜಿದೆ. ಗಿರಾಕಿಗೆ ಕೊಡುವ ವಿಡಿಯೋದಲ್ಲಿ ಮದುವೆಮನೆಯ ಸದ್ದು ಇರಕೂಡದು. ಅದನ್ನೆಲ್ಲ ತೆಗೆದು ಸಿನಿಮಾ ಹಾಡು ಕೂಡಿಸಬೇಕು. ಅಂಬಿಕಾ ಹಾಡಿದ್ದು ಹಾಗೇ ಉಳಿಯುತ್ತಿದ್ದದ್ದು ಇವನು ಹಾರ್ಡ್ ಡಿಸ್ಕುಗಳಲ್ಲಿ ಇಟ್ಟುಕೊಂಡಿದ್ದ ಮೂಲ ಶೂಟಿಂಗಿನಲ್ಲಿ ಮಾತ್ರ. ಆಗ ಅದಕ್ಕೆ ಯಾರು ಬೆಲೆ ಕೊಟ್ಟರು? ಹೆಂಡತಿ ಅಡಿಗೆಮನೆಯಲ್ಲೇ ಹಾಡುತ್ತಿದ್ದಳಲ್ಲ.

ಆಮೇಲೆ ಅವಳ ಗಂಟಲಿಗೆ ಕ್ಯಾನ್ಸರ್ ಬಂತು. ಹೈದರಾಬಾದಿನಲ್ಲಿ ಆಪರೇಷನ್ ಮಾಡಿ ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿದರು. ಜೀವ ಉಳಿಯಿತು, ದನಿ ಹೋಯಿತು. ಕುತ್ತಿಗೆಯಲ್ಲಿ ಉಸಿರಾಡಲು ಒಂದು ತೂತು, ಅದರ ಮೇಲೊಂದು ತೆಳ್ಳನೆಯ ಬಟ್ಟೆ. ಆಸ್ಪತ್ರೆಗೆ ಓಡಾಡಲು ಅನುಕೂಲ ಅಂತ ಗಂಡಹೆಂಡತಿ ಕಲಬುರಗಿಗೆ ಬಂದು ಜೇವರ್ಗಿ ಕಾಲೋನಿಯಲ್ಲಿ ಮನೆ ಹಿಡಿದರು. ಅವಳು ತುಟಿಯಲ್ಲೇ ಮಾತಾಡುತ್ತಿದ್ದಳು, ನಾವು ನೋಡಿ ತಿಳಿದುಕೊಳ್ಳುತ್ತಿದ್ದೆವು. ಸಿಟ್ಟು ಬಂದಾಗ ತುಟಿ ಎಷ್ಟು ಜೋರಾಗಿ ಓಡುತ್ತಿತ್ತೆಂದರೆ ನನ್ನ ತಮ್ಮ ಕೈಮುಗಿದು, "ಸಾವಕಾಶ ಬೈಯವ್ವಾ, ತಿಳಿವಲ್ದು" ಅನ್ನುತ್ತಿದ್ದ. ಆಗ ಅವಳು ನಗುತ್ತಿದ್ದಳು. ಆ ನಗೆಗೂ ಸದ್ದಿರಲಿಲ್ಲ.

ಒಂದು ದಿನ ಯಾರೋ ಗಿರಾಕಿ ಕೇಳಿದ ಅಂತ ಅಮರನಾಥ ಹಳೆಯ ಡಿಸ್ಕೊಂದನ್ನು ಕಂಪ್ಯೂಟರಿಗೆ ಚುಚ್ಚಿ ಹುಡುಕುತ್ತಿದ್ದ. ಇದ್ದಕ್ಕಿದ್ದಂತೆ ಅಂಬಿಕಾಳ ಹಾಡು ಕೇಳಿಸಿತು. ಅವಳು ರೊಟ್ಟಿ ಬಡಿಯುವುದನ್ನು ಬಿಟ್ಟು, ಹಿಟ್ಟಿನ ಕೈಯಲ್ಲೇ ಓಡಿಬಂದು ನಿಂತಳಂತೆ. ಹೆಂಚಿನ ಮೇಲಿನ ರೊಟ್ಟಿ ಸೀದು ಕರಿಯಾದರೂ ಕದಲಲಿಲ್ಲವಂತೆ. ಮುಗಿದ ಮೇಲೆ ಕೇಳಿದ್ದು ಒಂದೇ ಮಾತು: ಇನ್ನೂ ಎಷ್ಟು ಅದಾವ?

ಟ್ರಂಕಿನ ತುಂಬ ಇದ್ದವು. ಆದರೆ ಒಂದೊಂದಾಗಿ ಕೆಡುತ್ತಿದ್ದವು. ಒಂದು ಡಿಸ್ಕಂತೂ ಕಟಕಟ ಅಂದು ಕಣ್ಣೆದುರೇ ಸತ್ತಿತು. ನನ್ನ ತಮ್ಮ ಹೆದರಿದ. ಸೂಪರ್ ಮಾರ್ಕೆಟ್ ಬಜಾರಿನಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿರುವ ಫುರ್ಕಾನ್ ಅವನ ದೋಸ್ತ; ಅವನ ಹತ್ತಿರ ಹೋಗಿ ಕೂತ. ಮನೆಯಲ್ಲೇ ಒಂದು ಸರ್ವರ್ ಕಟ್ಟುವುದು ಅಂತ ಇಬ್ಬರೂ ಕೂಡಿ ತೀರ್ಮಾನಿಸಿದರು. ನನಗೆ ತಿಳಿದಂತೆ ಹೇಳುತ್ತೇನೆ: ಹಳೆಯ ಕಂಪ್ಯೂಟರಿನ ಡಬ್ಬಿ, ಅದರೊಳಗೆ ಎರಡು ದೊಡ್ಡ ಡಿಸ್ಕು. ಒಂದರಲ್ಲಿ ಬರೆದದ್ದು ಇನ್ನೊಂದರಲ್ಲೂ ತಾನಾಗಿಯೇ ಬರೆಯುತ್ತದೆ. ಮನೆಯ ವೈಫೈಗೆ ಜೋಡಿಸಿಬಿಟ್ಟರೆ ಟಿವಿಯಲ್ಲಿ ಬೇಕೆಂದಾಗ ನೋಡಬಹುದು, ಮೊಬೈಲಿನಲ್ಲಿ ಕೇಳಬಹುದು. ಯಾವ ಡಿಸ್ಕು ಕೊಳ್ಳಬೇಕು, ಡಬ್ಬಿ ಎಲ್ಲಿಡಬೇಕು, ಗಾಳಿ ಎಲ್ಲಿಂದ ಆಡಬೇಕು ಅಂತ ತಿಂಗಳುಗಟ್ಟಲೆ ಅದೇ ಮಾತು. ಮನೆ ಕಟ್ಟುವವರೂ ಇಷ್ಟು ಯೋಚನೆ ಮಾಡುವುದಿಲ್ಲ.

ಯುಗಾದಿಯ ಹೊತ್ತಿಗೆ ಫುರ್ಕಾನ್ ಮನೆಗೇ ಬಂದು ಜೋಡಿಸಿ, ಟ್ರಂಕಿನ ಡಿಸ್ಕುಗಳಲ್ಲಿ ಉಳಿದಿದ್ದನ್ನೆಲ್ಲ ಅದಕ್ಕೆ ತುಂಬಿಕೊಟ್ಟ. ನಾನೂ ಇದ್ದೆ. ಡಿಸ್ಕಿನ ಮೇಲೆ ಹೆಸರಿನ ಚೀಟಿ ಅಂಟಿಸಿದ ಕಡೆ ಒಂದು ಚಿಕ್ಕ ತೂತಿತ್ತು. ಅದನ್ನು ಅಂಬಿಕಾಳಿಗೆ ತೋರಿಸಿ, "ಭಾಬೀ, ಇದಕ್ಕ ಉಸಿರಾಡಾಕ ಈ ತೂತ ಅದ. ಇದನ್ನ ಮಾತ್ರ ಮುಚ್ಚಬ್ಯಾಡ್ರಿ" ಅಂದ. ಅಂಬಿಕಾ ತನ್ನ ಕುತ್ತಿಗೆಯ ಬಟ್ಟೆ ಮುಟ್ಟಿಕೊಂಡು ನಕ್ಕಳು. ಪಾಪ, ಫುರ್ಕಾನ್ ನಾಲಿಗೆ ಕಚ್ಚಿಕೊಂಡ.

ಹೊರಡುವಾಗ ಇನ್ನೊಂದು ಮಾತು ಹೇಳಿದ. "ಅಮರಭಾಯ್, ಎರಡೂ ಒಂದೇ ಡಬ್ಬ್ಯಾಗ ಅದಾವ. ಮೂರನೇದೊಂದು ಬ್ಯಾರೆ ಮನ್ಯಾಗ ಇಡಬೇಕು. ಅಕ್ಕನ ಕಡೆ ಕಮಲಾಪುರದಾಗ ಇಡ್ರಿ. ಅಲ್ಲೀತನಕ ಹಳೇವು ಮುಟ್ಟಬ್ಯಾಡ್ರಿ."

"ದೀಪಾವಳಿಗೆ ತರೋಣ ತಗೋ," ಅಂದ ನನ್ನ ತಮ್ಮ.

ನಾನು ಊರಿಗೆ ಬಂದವಳೇ ಆ ಮೂರನೆಯದಕ್ಕೆ ಅಂತ ಅಲಮಾರಿನ ಮೇಲಿನ ಖಾನೆ ಖಾಲಿ ಮಾಡಿದೆ. ಇವನು ಏನು ಮಾಡಿದ ಗೊತ್ತೇನು? ಬೇಸಿಗೆಯ ಮದುವೆಗಳು ಒಂದರ ಮೇಲೊಂದು ಬಂದವು, ಶೂಟಿಂಗ್ ತುಂಬಲು ಜಾಗ ಬೇಕಾಯಿತು. ಎಲ್ಲ ಸರ್ವರಿನಲ್ಲಿ ಇದೆಯಲ್ಲ ಅಂತ ಟ್ರಂಕಿನ ಹಳೆಯ ಡಿಸ್ಕುಗಳನ್ನು ಒಂದೊಂದಾಗಿ ಅಳಿಸಿ, ಅವುಗಳ ಮೇಲೇ ಯಾರ್ಯಾರದೋ ಮದುವೆ ತುಂಬಿದ. ಹೆಂಡತಿಯ ದನಿಯ ಮೇಲೆ ಊರವರ ಬ್ಯಾಂಡು ಬಾಜಾ!

ಆದರೂ ಆ ಕೆಲವು ತಿಂಗಳು ಚೆನ್ನಾಗಿದ್ದವು. ಅದನ್ನು ಸುಳ್ಳು ಅನ್ನಲಾರೆ. ಶ್ರಾವಣದಲ್ಲಿ ನಾನು ಕೆಂಪು ಬಾಳೆಹಣ್ಣಿನ ಗೊನೆ ಹೊತ್ತು ಅವರ ಮನೆಗೆ ಹೋದಾಗ ಓಣಿಯಲ್ಲೇ ಅಂಬಿಕಾಳ ಹಾಡು ಕೇಳಿಸಿತು. ಒಳಗೆ ಟಿವಿ ಹಚ್ಚಿಟ್ಟು ಅವಳು ಪಲ್ಯ ಹೆಚ್ಚುತ್ತಿದ್ದಳು, ತುಟಿ ಹಾಡಿನ ಜೊತೆ ಬರೋಬ್ಬರಿ ಆಡುತ್ತಿತ್ತು. ಕಣ್ಣು ಬೇರೆ ಕಡೆ ಇಟ್ಟುಕೊಂಡು ಕೇಳಿದರೆ ಅವಳೇ ಹಾಡುತ್ತಿದ್ದಾಳೆ ಅನ್ನಿಸುತ್ತಿತ್ತು. ನಾನು ಬೇಕೆಂದೇ ಗೋಡೆಯ ಕಡೆ ಮುಖ ಮಾಡಿ ಕೂತೆ.

ದಸರೆಯ ಖಂಡೇಪೂಜೆ, ಅಂದರೆ ಆಯುಧಪೂಜೆ, ಬಂತು. ನಮ್ಮದು ಮೊದಲಿನಿಂದ ಒಕ್ಕಲುತನದ ಮನೆ. ಅಪ್ಪ ಕುಡಗೋಲು, ಕೊಡಲಿ, ನೇಗಿಲ ಗುಳ ಎಲ್ಲ ಬಿಚ್ಚಿ, ತೊಳೆದು, ವಿಭೂತಿ ಹಚ್ಚುತ್ತಿದ್ದ. ಮುಚ್ಚಿಟ್ಟ ಆಯುಧಕ್ಕೆ ಪೂಜೆ ಸಲ್ಲುವುದಿಲ್ಲ ಅನ್ನುವುದು ಅವನ ಮಾತು. ಅಮರನಾಥ ಕ್ಯಾಮೆರಾ, ಲೈಟು, ಸ್ಟ್ಯಾಂಡು ಎಲ್ಲ ಜಮಖಾನೆಯ ಮೇಲೆ ಸಾಲಾಗಿ ಇಟ್ಟ. ಅಂಬಿಕಾ ಸರ್ವರಿನ ಕಡೆ ಕೈ ಮಾಡಿ ತುಟಿ ಆಡಿಸಿದಳು: ಎಲ್ಲಕ್ಕೂ ಮೊದಲು ಅದಕ್ಕ. ಇವನು ಡಬ್ಬಿ ಬಿಚ್ಚಿದ. ಎರಡೂ ಡಿಸ್ಕು ಹೊರಗೆ ತೆಗೆದ.

ಅವಳು ಎಷ್ಟು ಜೋಪಾನದಿಂದ ಮಾಡಿದಳು! ತೂತು ಮುಚ್ಚಬಾರದಲ್ಲ? ಹಾಗಾಗಿ ತೂತಿರುವ ಮಗ್ಗುಲು ಬಿಟ್ಟು, ಡಿಸ್ಕುಗಳನ್ನು ಬೋರಲು ಮಾಡಿ, ಹಿಂದಿನ ಮಗ್ಗುಲಿಗೆ ವಿಭೂತಿ ಹಚ್ಚಿದಳು. ಆ ಮಗ್ಗುಲಲ್ಲಿ ಇರುವುದು ಕರೆಂಟು ಹರಿಯುವ ಹಸಿರು ಹಲಗೆ. ಅದರ ಮೇಲೆ ಹಸಿ ವಿಭೂತಿಯ ಮೂರು ಗೆರೆ, ನಡುವೆ ಕುಂಕುಮ. ಎರಡಕ್ಕೂ ಒಂದೇ ಸಮ, ಒಂದಕ್ಕೆ ಹೆಚ್ಚಿಲ್ಲ, ಒಂದಕ್ಕೆ ಕಡಿಮೆಯಿಲ್ಲ. ಮರುದಿನ, ಬನ್ನಿ ಹಬ್ಬದ ಬೆಳಿಗ್ಗೆ, ಮತ್ತೊಮ್ಮೆ ನೀರು ಚಿಮುಕಿಸಿ, ವಿಭೂತಿ ಹಚ್ಚಿ, ಕೈಮುಗಿದು, ಗಂಡನ ಕೈಗೆ ಕೊಟ್ಟಳು. ಅವನು ಒಳಗೆ ಕೂಡಿಸಿ ಸ್ವಿಚ್ ಒತ್ತಿದ. ಚಟ್ ಅಂತ ಸದ್ದು, ಸುಟ್ಟ ವಾಸನೆ.

ಮೊದಲು ಫುರ್ಕಾನ್ ನೋಡಿದ. ಆಮೇಲೆ ಹೈದರಾಬಾದಿನ ರಿಪೇರಿಯವರು ನೋಡಿದರು. ಮೇಲಿನ ಹಲಗೆ ಬದಲಿಸಬಹುದಿತ್ತು, ಆದರೆ ಎರಡರಲ್ಲೂ ಒಳಗಿನ ಓದುವ ಭಾಗವೇ ಸುಟ್ಟಿದೆ ಅಂತ ತಿರುಗಿ ಕಳಿಸಿದರು. ಫುರ್ಕಾನ್ ಅಂಗಡಿಯಲ್ಲಿ ಹಲಗೆಯ ಮೇಲಿನ ಬಿಳಿ ಬೂದಿ ಕೆರೆದು ತೋರಿಸಿ ಏನೋ ಹೇಳಲು ಬಾಯಿ ತೆರೆದ. ಅಮರನಾಥ ಅವನ ಕೈ ಹಿಡಿದುಕೊಂಡ. "ಕರೆಂಟ್ ಜಾಸ್ತಿ ಬಂದಿತ್ತು. ಮನ್ಯಾಗ ಕೇಳಿದ್ರ ಅಷ್ಟೇ ಹೇಳು, ನಿನ್ನ ಕಾಲಿಗಿ ಬೀಳ್ತೀನಿ" ಅಂದ.

ಅಂಬಿಕಾಳಿಗೂ ಅದನ್ನೇ ಹೇಳಿದ. ಅವಳು ಹೂಂ ಅನ್ನುವಂತೆ ತಲೆ ಆಡಿಸಿದಳು. ಆಮೇಲೆ ತನ್ನ ಬಲಗೈಯ ಮೂರು ಬೆರಳು ನೋಡಿಕೊಂಡಳು, ಸೆರಗಿನಿಂದ ಒರೆಸಿಕೊಂಡಳು. ಅವಳಿಗೆ ಗೊತ್ತಾಗಿತ್ತು. ಅಂದಿನಿಂದ ಮನೆಯಲ್ಲಿ ಅವಳು ಯಾವುದಕ್ಕೂ ವಿಭೂತಿ ಹಚ್ಚಿಲ್ಲ.

ಇನ್ನು ಉಳಿದದ್ದು ಗಿರಾಕಿಗಳ ಮನೆಯ ವಿಡಿಯೋಗಳು. ಅವುಗಳಲ್ಲಿ ಸಿನಿಮಾ ಹಾಡು ತುಂಬಿದವನು ಇವನೇ, ಅವನಿಗೆ ಗೊತ್ತಿಲ್ಲವೇ? ಆದರೂ, "ಅಕ್ಕಾ, ಒಂದ್ ಮನೀದರಾಗರೆ ನಾನು ಮೈಗಳ್ಳತನ ಮಾಡಿರ್ತೀನೇಳು. ಸದ್ದು ಹಂಗೇ ಬಿಟ್ಟಿರ್ತೀನಿ" ಅಂದ. ಇಷ್ಟು ವರ್ಷ ಯಾರಿಂದಲೂ ಒಂದು ಕುಂದು ಅನ್ನಿಸಿಕೊಳ್ಳದೆ ದುಡಿದವನು, ಎಲ್ಲಾದರೂ ತಾನು ಕೆಲಸಗಳ್ಳನಾಗಿರಲಿ ಅಂತ ದೇವರಿಗೆ ಹರಕೆ ಹೊತ್ತ. ಗಂಡಹೆಂಡತಿ ಬಸ್ ಹತ್ತಿ ಕಮಲಾಪುರಕ್ಕೆ ಬಂದರು. ನಾವು ಮೂವರೂ ಮನೆಮನೆ ತಿರುಗಿದೆವು. ಎಲ್ಲರೂ ಚಹಾ ಕೊಟ್ಟರು, ಪೆನ್‌ಡ್ರೈವ್ ಹುಡುಕಿ ಕೊಟ್ಟರು. ಎಲ್ಲದರಲ್ಲೂ ಸಿನಿಮಾ ಹಾಡು. ಎಲ್ಲಿಯೂ ಒಂದು ತಪ್ಪಿಲ್ಲ.

ಕೊನೆಗೆ ಸಂತೆಯ ಹಿಂದಿನ ಓಣಿಯ ಚಂದಮ್ಮನ ಮನೆ. ಅವಳ ಮಗಳ ಸುರಗಿಯಲ್ಲಿ ಅಂಬಿಕಾ ಹಾಡಿದ್ದಳು, ಆಪರೇಷನ್ನಿಗೆ ಮೊದಲು ಅದೇ ಕೊನೆಯದು. ಟಿವಿಯಲ್ಲಿ ಅಂಬಿಕಾಳ ಮುಖ ಬಂತು, ದುಂಡಗೆ, ತಲೆತುಂಬ ಮಲ್ಲಿಗೆ. ಬಾಯಿ ತೆರೆದಳು. ಯಾರೋ ಸಿನಿಮಾದವಳು ಹಾಡಿದಳು.

"ಸದ್ದು ಬಂದ್ ಮಾಡ್ರಿ ಚಂದಮ್ಮಾ," ಅಂದ ಅಮರನಾಥ.

ಚಂದಮ್ಮ ಬಂದ್ ಮಾಡಿದಳು. ಟಿವಿಯೊಳಗಿನ ಅಂಬಿಕಾ ಸದ್ದಿಲ್ಲದೆ ಹಾಡುತ್ತಿದ್ದಳು. ನನ್ನ ಪಕ್ಕದಲ್ಲಿ ಕೂತ ಅಂಬಿಕಾಳೂ ಅದೇ ಹಾಡಿಗೆ ತುಟಿ ಆಡಿಸತೊಡಗಿದಳು. ಅವಳಿಗೆ ಒಂದು ಅಕ್ಷರವೂ ಮರೆತಿರಲಿಲ್ಲ. ನನಗೆ ತಡೆಯಲಾಗಲಿಲ್ಲ. ಆ ಹಾಡು ನನಗೂ ಬರುತ್ತದೆ. ನನ್ನ ದನಿ ಕತ್ತೆಯ ದನಿಯಾದರೇನು, ಅವಳಿಗೆ ಜೊತೆಯಾಗಲಿ ಅಂತ ಮೊದಲ ಸಾಲು ಎತ್ತಿದೆ.

ಅಮರನಾಥ ನನ್ನ ಮೊಣಕೈ ಹಿಡಿದ.

"ಬ್ಯಾಡಕ್ಕಾ," ಅಂದ. "ಆಕಿ ದನಿ ಕಿವ್ಯಾಗ ಇನ್ನಾ ಜರಾ ಅದ. ನೀ ಹಾಡಿದ್ರ ಅದೂ ಹೋಗ್ತದ."

ನಾನು ಬಾಯಿ ಮುಚ್ಚಿದೆ. ವಿಡಿಯೋ ಮುಗಿಯುವ ತನಕ ನಾವು ನಾಲ್ವರೂ ಹಾಗೇ ಕೂತಿದ್ದೆವು.